ನಂಜು ಅಂದರೆ ವಿಷವಲ್ಲ

ಮೂವತ್ತು ವರ್ಷಕ್ಕೂ ಮೇಲಾಯಿತು, ಎಳೆಮಕ್ಕಳಿಗೆ ನೀರು ಹಾಕುವುದೇ ನನ್ನ ಕೆಲಸ. ಕಾಮಾಕ್ಷಿಪಾಳ್ಯದಿಂದ ಬೆಳಿಗ್ಗೆ ಬಸ್ಸು ಹತ್ತಿ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಎಲ್ಲಿ ಹೆರಿಗೆ ಆಗಿದೆಯೋ ಅಲ್ಲಿಗೆ ಹೋಗುತ್ತೇನೆ. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಒರೆಸಿ, ಬಟ್ಟೆ ಸುತ್ತಿ ಕೊಟ್ಟರೆ ಮಧ್ಯಾಹ್ನದವರೆಗೆ ಅದು ಕಣ್ಣು ಬಿಡುವುದಿಲ್ಲ. ಆಮೇಲೆ ಬಾಣಂತಿಯ ಸರದಿ. ಇದಕ್ಕೆ ಹೆಚ್ಚು ಮಾತು ಬೇಕಿಲ್ಲ. ನೀರು ಕಾದಿದೆಯಾ, ಟವೆಲ್ ಎಲ್ಲಿ, ಹಾಲು ಕುಡಿಯಿತಾ. ಇಷ್ಟನ್ನೂ ಈಗ ಫೋನಿಗೆ ಹೇಳಬೇಕಂತೆ.

ಹೋದ ವರ್ಷ ಬಸವೇಶ್ವರನಗರದಲ್ಲಿ ಒಂದು ಮನೆಯ ಕೆಲಸ ಹಿಡಿದೆ. ಮೂರನೇ ಮಹಡಿ, ಲಿಫ್ಟಿಲ್ಲ. ಬಿಹಾರದ ಕಡೆಯ ಗಂಡ ಹೆಂಡತಿ. ಗಂಡ ಏಳು ಗಂಟೆಗೇ ಫ್ಯಾಕ್ಟರಿಗೆ ಹೋಗುವವನು, ಅವನಿಗೆ ಮಾತ್ರ ಅರೆಬರೆ ಕನ್ನಡ. ಹೆಂಡತಿಗೂ, ಬಾಣಂತನಕ್ಕೆಂದು ಊರಿಂದ ಬಂದಿದ್ದ ಅವನ ತಾಯಿಗೂ ನಮ್ಮ ಭಾಷೆಯ ಒಂದಕ್ಷರ ಬರದು. ನನಗೆ ಹಿಂದಿಯೆಂದರೆ ಪಾನಿ, ಬಚ್ಚಾ, ಇನ್ನು ನಮ್ಮ ಬೀದಿಯ ಉರ್ದು ಹೆಂಗಸರು ಜಗಳದಲ್ಲಿ ಆಡುವ ನಾಲ್ಕು ಮಾತು.

ಮೊದಲ ದಿನ ಗಂಡ ಫೋನನ್ನು ನನ್ನ ಬಾಯಿಗೆ ಹಿಡಿದ.

"ಅಜ್ಜಿ, ನೀವು ಕನ್ನಡ ಮಾತಾಡಿ. ಇದು ಹಿಂದಿ ಮಾಡ್ತದೆ."

"ನಿನ್ ಹೆಂಡ್ತಿ ನನ್ ಎದುರಿಗೇ ಕೂತವ್ಳಲ್ಲಪ್ಪ. ಅವಳ್ಗೇ ಹೇಳ್ತೀನಿ ಬಿಡು."

"ಅವಳಿಗೆ ಗೊತ್ತಾಗಲ್ಲ ಅಜ್ಜಿ."

"ಇದಕ್ಕೆ ಗೊತ್ತಾಗುತ್ತಾ?"

ಗೊತ್ತಾಗುತ್ತೆ ಅಂದ. ಏನು ಗೊತ್ತಾಯಿತು ಅನ್ನುವುದು ಆಮೇಲೆ ಕಂಡಿತು. ಮಾರನೆಯ ದಿನ "ನೀರು ಕಾದಿದ್ಯಾ" ಅಂತ ಕೇಳಿದೆ. ಆ ಹುಡುಗಿ ಫೋನು ನೋಡಿ, ಬಚ್ಚಲು ನೋಡಿ, ನನ್ನ ಮುಖ ನೋಡಿದಳು. ನೀರು ನಿಮಗಾಗಿ ಕಾಯುತ್ತಾ ಕೂತಿದೆಯಾ ಎಂದು ಅದು ಕೇಳಿತ್ತಂತೆ. ಗಂಡ ಸಂಜೆ ಹೇಳಿಸಿಕೊಂಡು ನಕ್ಕನಂತೆ. ನನಗೆ ನಗು ಬರಲಿಲ್ಲ, ತಣ್ಣೀರಿನ ಬಕೆಟ್ಟಿನ ಮುಂದೆ ಕೂತವಳು ನಾನು.

ಆ ಹುಡುಗಿ ನನ್ನನ್ನು ಮಾಜಿ, ಮಾಜಿ ಎಂದು ಕರೆಯುತ್ತಿದ್ದಳು. ಎರಡು ದಿನ ಸುಮ್ಮನಿದ್ದೆ. ಕೆಲಸಕ್ಕೆ ಸೇರಿ ಮೂರು ದಿನವಾಗಿಲ್ಲ, ಮಾಜಿ ಮಂತ್ರಿಯ ಹಾಗೆ ಆಗಲೇ ಮಾಜಿ ಮಾಡಿಬಿಟ್ಟಳಲ್ಲ ಅಂತ ಸಿಟ್ಟು. ಅವರ ಕಡೆ ತಾಯಿ ಸಮಾನದವರಿಗೆ ಹಾಗನ್ನುತ್ತಾರೆಂದು ಗಂಡನೇ ಹೇಳಬೇಕಾಯಿತು. ಅವಳು ಅಷ್ಟು ಮರ್ಯಾದೆಯಿಂದ ಆಡಿದ್ದನ್ನು ಫೋನು ಕನ್ನಡಕ್ಕೆ ತಂದಾಗ ಮಾತ್ರ "ನೀನು ನಾಳೆ ಬೇಗ ಬಾ" ಆಗುತ್ತಿತ್ತು. ಫೋನಿನ ಆ ಗಂಡಸು ದನಿಯಲ್ಲಿ ನೀನು ಅನ್ನಿಸಿಕೊಂಡು ಮೂರು ಮಹಡಿ ಇಳಿಯುತ್ತಿದ್ದೆ.

ಅವಳದು ಹೊಟ್ಟೆ ಕೊಯ್ದ ಹೆರಿಗೆ. ಅಂಥವರಿಗೆ ನಾನು ಹೊಟ್ಟೆಯ ತಂಟೆಗೆ ಹೋಗುವುದಿಲ್ಲ. ಕೈಕಾಲಿಗೆ, ಬೆನ್ನಿಗೆ ಎಣ್ಣೆ, ಗಾಯಕ್ಕೆ ತಾಗದ ಹಾಗೆ ನೀರು, ಅಷ್ಟೇ. ಒಂಬತ್ತನೆಯ ದಿನ ಬೆನ್ನು ತಿಕ್ಕಲು ಕೈಯಿಟ್ಟರೆ ಮೈ ಕೆಂಡದ ಹಾಗಿತ್ತು. ಸೀರೆಯ ನೆರಿಗೆಯ ಹತ್ತಿರ ಒದ್ದೆ. ವಾಸನೆ ಬಂತು. ಬಟ್ಟೆ ಸರಿಸಿ ನೋಡಿದೆ, ಹೊಲಿಗೆಯ ಒಂದು ತುದಿ ಬಾಯಿಬಿಟ್ಟು ಸುತ್ತಲೂ ಕೆಂಪಾಗಿ ಊದಿಕೊಂಡಿತ್ತು. ಆ ವಾಸನೆ ನನಗೆ ಗೊತ್ತು. ಹಿಂದೆ ಒಬ್ಬ ಬಾಣಂತಿ ಅದರಲ್ಲೇ ಹೋದದ್ದನ್ನು ಕಂಡಿದ್ದೇನೆ, ಮೂರೇ ದಿನದಲ್ಲಿ. ಇವಳು ಪಾಪ, ಅತ್ತೆಗೆ ಹೇಳಲು ನಾಚಿಕೊಂಡು ನಿನ್ನೆಯಿಂದ ಸಹಿಸಿಕೊಂಡಿರಬೇಕು.

ಫೋನು ತಾ ಎಂದೆ. ಎಣ್ಣೆ ಕೈ ಬೇಡವೆಂದು ಅವಳೇ ಹಿಡಿದಳು. ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ನಿಂಗೆ ನಂಜಾಗಿದೆ ಕಣವ್ವ. ಈಗ್ಲೇ ಆಸ್ಪತ್ರೆಗೆ ಹೋಗು."

ಫೋನು ಸ್ವಲ್ಪ ಹೊತ್ತು ಯೋಚಿಸಿ ಏನೋ ಹೇಳಿತು. ಅದರಲ್ಲಿ ಜಹರ್, ಅಂದರೆ ವಿಷ, ಎಂಬುದೊಂದು ನನ್ನ ಕಿವಿಗೂ ಬಿತ್ತು. ನಮ್ಮ ಬೀದಿಯ ಜಗಳದಲ್ಲಿ ಎಷ್ಟು ಸಲ ಕೇಳಿಲ್ಲ ಆ ಮಾತನ್ನು. ನಮ್ಮಲ್ಲಿ ಗಾಯ ಕೆಟ್ಟರೂ ನಂಜು, ಹಾವಿನ ಬಾಯಲ್ಲಿರುವುದೂ ನಂಜು. ಇಷ್ಟು ದೊಡ್ಡ ಊರಿನಲ್ಲಿ ಇರುವ ಫೋನಿಗೆ ಹಾವೇ ನೆನಪಾಗಬೇಕೆ. ಬಾಣಂತಿಗೆ ವಿಷ ಹಾಕಿದ್ದಾರೆ, ಆಸ್ಪತ್ರೆಗೆ ಓಡು ಎಂದು ನಾನು ಹೇಳಿದಂತಾಯಿತು. ಆ ಮನೆಯಲ್ಲಿ ಅಡುಗೆ ಮಾಡುತ್ತಿದ್ದವಳು ಅತ್ತೆ ಒಬ್ಬಳೇ.

ಹುಡುಗಿ ಅತ್ತೆಯ ಮುಖ ನೋಡಿದಳು. ನೋಡಬಾರದಿತ್ತು. ಅತ್ತೆ ಸೌಟು ಹಿಡಿದುಕೊಂಡೇ ಬಂದು, ನನ್ನ ಎಣ್ಣೆ ಬಟ್ಟಲನ್ನು ಕಾಲಿನಿಂದ ಸರಿಸಿ, ಬಾಗಿಲು ತೋರಿಸಿದಳು. ಅವಳು ಬಯ್ದದ್ದಕ್ಕೆ ಫೋನು ಬೇಕಾಗಲಿಲ್ಲ.

ನಾನು ಏಳಲಿಲ್ಲ. ಎದ್ದು ಹೋದರೆ ಗಂಡ ಬರುವುದು ಸಂಜೆ. ಸಂಜೆಯ ಹೊತ್ತಿಗೆ ಇವಳು ಏನಾಗಿರುತ್ತಾಳೋ. ಇನ್ನೊಂದು ಸಲ ಫೋನಿನತ್ತ ಬಗ್ಗಿ, ಒಂದೊಂದೇ ಮಾತು ಬಿಡಿಸಿ ಹೇಳಿದೆ.

"ಕೀವು. ಕೀವು ಕಟ್ಟಿದೆ. ಕೀವು."

ಅದು ಹೇಳಿದ್ದನ್ನು ಕೇಳಿ ಅತ್ತೆ ತನ್ನ ಕಿವಿ ಮುಟ್ಟಿಕೊಂಡಳು, ಆಮೇಲೆ ಸೊಸೆಯ ಕಿವಿ ನೋಡಿದಳು. ಕೀವನ್ನು ಕಿವಿ ಮಾಡಿತ್ತು ಆ ದರಿದ್ರ.

"ಕಿವಿ ಅಲ್ಲಮ್ಮ, ಹೊಟ್ಟೆ," ಎಂದೆ. ಹುಡುಗಿ ನಾಚಿ ಬಟ್ಟೆ ಎಳೆದುಕೊಂಡಿದ್ದಳು, ನನ್ನ ಹೊಟ್ಟೆಯನ್ನೇ ತೋರಿಸಿದೆ. ಹೊಟ್ಟೆ ತೋರಿಸಿದ್ದಕ್ಕೆ ಅವಳ ಯೋಚನೆ ಮತ್ತೆ ತಾನು ಮಾಡಿದ ಅಡುಗೆಗೇ ಹೋಯಿತು, ಪಾತ್ರೆ ತಂದು ಮುಚ್ಚಳ ತೆಗೆದು ನನ್ನ ಮುಖಕ್ಕೆ ಹಿಡಿದಳು. ಬೇಳೆ, ಅನ್ನ. ಹುಡುಗಿ ಅಳಲು ಶುರುಮಾಡಿದಳು, ಅದನ್ನು ಕೇಳಿ ಮಗುವೂ.

ನನಗೆ ರೇಗಿಹೋಯಿತು. ಫೋನನ್ನು ಹುಡುಗಿಯ ಕೈಯಿಂದ ಕಿತ್ತು ಹಾಸಿಗೆಯ ಮೇಲೆ ಬೋರಲು ಹಾಕಿದೆ, ಎಣ್ಣೆಯಾದರೆ ಆಗಲಿ. ಅತ್ತೆಯ ಮುಖವನ್ನೇ ನೋಡಿ ಹೇಳಿದೆ.

"ಸೆಪ್ಟಿಕ್ ಆಗೈತೆ ಕಣಮ್ಮ. ಸೆಪ್ಟಿಕ್."

ಅವಳು ಪಾತ್ರೆ ಕೆಳಗಿಟ್ಟಳು.

"ಸೆಪ್ಟಿಕ್?" ಅಂದಳು.

"ಹೂಂ, ಸೆಪ್ಟಿಕ್ಕು."

ಆ ಮಾತು ಅವಳದೂ ಅಲ್ಲ, ನನ್ನದೂ ಅಲ್ಲ. ಆದರೆ ಮೊಳೆ ಚುಚ್ಚಿಸಿಕೊಂಡವರು, ಕೈ ಕೊಯ್ದುಕೊಂಡವರು ಅವರೂರಿನಲ್ಲಿಯೂ ಇದ್ದರಲ್ಲ. ಸೊಸೆಯ ಪಕ್ಕ ಕೂತು ಬಟ್ಟೆ ಎತ್ತಿ ನೋಡಿದಳು. ಮೂಗಿಗೆ ಸೆರಗು ಹಿಡಿಯಲಿಲ್ಲ. ಹಣೆ ಮುಟ್ಟಿ ನೋಡಿ, ಸೊಸೆಯ ತಲೆಗೆ ಮೆಲ್ಲಗೆ ಒಂದು ಮೊಟಕಿದಳು, ಯಾಕೆ ಹೇಳಲಿಲ್ಲ ಎಂಬಂತೆ. ಆಮೇಲೆ ಫೋನು ಹುಡುಕಿದಳು. ಈ ಸಲ ಮಗನಿಗೆ ಮಾಡಲು.

ನಾನು ಕೆಳಗಿಳಿದು ಆಟೋ ಹಿಡಿದೆ. ಮಗುವನ್ನು ಎತ್ತಿಕೊಂಡು ನಾನೇ ಜೊತೆಗೆ ಹೋದೆ. ಆಸ್ಪತ್ರೆಯಲ್ಲಿ ನರ್ಸು ಬಟ್ಟೆ ಸರಿಸಿ ನೋಡಿ ನನಗೇ ಬಯ್ದಳು.

"ಯಾಕಜ್ಜಿ ಇಷ್ಟು ಲೇಟು? ನಾಳೆ ಬಂದಿದ್ರೆ ರಕ್ತಕ್ಕೆ ಹರಡ್ತಿತ್ತು."

"ಆ ಫೋನನ್ನ ಕೇಳವ್ವ," ಅಂದೆ.

ಹೊಲಿಗೆ ಬಿಚ್ಚಿ ತೊಳೆದು ಅಲ್ಲೇ ಇರಿಸಿಕೊಂಡರು. ಎರಡು ದಿನದಲ್ಲಿ ಜ್ವರ ಇಳಿಯಿತು. ಗಂಡ ಬಂದು ತನ್ನ ತಾಯಿಗೆ ಎಲ್ಲವನ್ನೂ ಹಿಂದಿಯಲ್ಲಿ ಬಿಡಿಸಿ ಹೇಳಿದ. ಅವಳು ತಲೆ ಅಲ್ಲಾಡಿಸಿದಳು, ನನ್ನ ಕಡೆ ತಿರುಗಲಿಲ್ಲ. ಮೂರನೆಯ ದಿನ ಮಗುವಿಗೆ ಮೈ ಒರೆಸಲು ವಾರ್ಡಿಗೆ ಹೋದಾಗಲೂ ಹಾಗೇ ಕೂತಿದ್ದಳು, ಗೋಡೆಗೆ ಮುಖ ಮಾಡಿಕೊಂಡು. ನನಗೆ ತಿಳಿಯಿತು. ಅಷ್ಟು ದೂರದಿಂದ ರೈಲಿನಲ್ಲಿ ಬಂದು ಬೇಯಿಸಿ ಹಾಕುವವಳಿಗೆ ನೀನು ವಿಷ ಹಾಕಿದೆ ಅಂದರೆ, ತಪ್ಪು ಫೋನಿನದಾದರೂ, ಬಾಯಿ ನನ್ನದು.

ಸೊಸೆಗೆಂದು ಸ್ಟೀಲ್ ಕ್ಯಾರಿಯರ್ ತಂದಿದ್ದಳು. ಕೈ ತೊಳೆದುಕೊಂಡು ಬಂದು, ಅವಳನ್ನು ಕೇಳದೆ ಮುಚ್ಚಳ ತೆಗೆದೆ. ಅನ್ನ ಬೇಳೆ ಕಲಸಿದ್ದು. ಒಂದು ತುತ್ತು ಮುಚ್ಚಳಕ್ಕೆ ಹಾಕಿಕೊಂಡು ಅವಳೆದುರಿಗೇ ನಿಂತು ತಿಂದೆ. ಇನ್ನೊಂದು ತುತ್ತು ಹಾಕಿಕೊಂಡೆ. ಗಂಡ ಫೋನು ತೆಗೆದ.

"ಇಡು ಅದನ್ನ," ಅಂದೆ.

ಮೂರನೆಯ ತುತ್ತಿಗೆ ಕೈ ಹಾಕಿದಾಗ ಅವಳು ಕ್ಯಾರಿಯರನ್ನು ತನ್ನ ಕಡೆಗೆ ಎಳೆದುಕೊಂಡು ಸೊಸೆಯತ್ತ ಬೆರಳು ತೋರಿಸಿದಳು. ಅವಳಿಗೂ ಸ್ವಲ್ಪ ಉಳಿಸು ಎಂದಿರಬೇಕು. ಉಪ್ಪು ಕಮ್ಮಿಯಾಗಿತ್ತು. ಅದನ್ನು ಹೇಳಲಿಲ್ಲ.