ಕೆಲಸದವಳ ಚೀಟಿ

ಚೀಟಿ ಎತ್ತಿ ಐದು ನಿಮಿಷ ಆಗಿರಲಿಲ್ಲ, ನನ್ನ ತರಗತಿಯಲ್ಲಿ ಸಂತೆ ನೆರೆಯಿತು. ಹುಡುಗರು ಬೆಂಚು ದಾಟಿ, ಹುಡುಗಿಯರು ಕಿವಿಯಲ್ಲಿ ಪಿಸುಗುಟ್ಟಿ, ತಮಗೆ ಬಂದ ಚೀಟಿಗಳನ್ನು ಅದಲುಬದಲು ಮಾಡಿಕೊಳ್ಳತೊಡಗಿದರು. ಇದಕ್ಕೆ ಇಲ್ಲಿ ವಾಸ್ತಾ ಎನ್ನುತ್ತಾರೆ. ನಮ್ಮ ವಶೀಲಿಯೇ.

ಧಾರವಾಡದಲ್ಲಿ ಹನ್ನೊಂದು ವರ್ಷ ಸಮಾಜಶಾಸ್ತ್ರ ಕಲಿಸಿದ ನಾನು ಎರಡು ವರ್ಷದಿಂದ ಕುವೈತ್ ಸಿಟಿಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಅದನ್ನೇ ಕಲಿಸುತ್ತಿದ್ದೇನೆ. ಅಂದಿನ ಪಾಠ ಸಾಮಾಜಿಕ ನ್ಯಾಯದ್ದು. ಮೊದಲು ಎಲ್ಲರೂ ಸೇರಿ ಒಂದು ದೇಶಕ್ಕೆ ನಿಯಮ ಬರೆಯಬೇಕು. ಆಮೇಲೆ ಆ ದೇಶದಲ್ಲಿ ತಾನು ಯಾರೆಂದು ಚೀಟಿ ಎತ್ತಬೇಕು. ಬ್ಯಾಂಕಿನವ, ವೈದ್ಯೆ, ಡ್ರೈವರ್, ಮನೆಗೆಲಸದವಳು. ನಿಯಮಗಳನ್ನೇನೋ ಮುತ್ತು ಪೋಣಿಸಿದ ಹಾಗೆ ಬರೆದಿದ್ದರು. ಎಲ್ಲ ಮಕ್ಕಳಿಗೂ ಒಂದೇ ಗುಣಮಟ್ಟದ ಶಾಲೆ ಎಂದಿತ್ತು.

"ಮನೆಗೆಲಸದವಳ ಮಗುವಿಗೂ?" ಎಂದು ಕೇಳಿದೆ.

"ಆ ಮಗು ಅವಳ ದೇಶದಲ್ಲಿರುತ್ತದಲ್ಲ, ಮಿಸ್?" ಎಂದಳು ಮುಂದಿನ ಸಾಲಿನ ಹುಡುಗಿ.

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದಕ್ಕೇ ನನಗೆ ಈ ಊರೇ ಹೇಸಿಗೆ ಎನಿಸಿತು.

ಕೆಲಸದವಳ ಚೀಟಿ ಮೊದಲು ಬಂದದ್ದು ಒಬ್ಬ ಹುಡುಗನಿಗೆ. ಕೈಯಿಂದ ಕೈಗೆ ಜಾರುತ್ತಾ, ನೀರು ಇಳಿಜಾರಿಗೆ ಹರಿದಂತೆ, ಅದು ಅನನ್ಯಾಳ ಮುಂದೆ ಬಂದು ನಿಂತಿತು. ಗದಗಿನ ಎಂಜಿನಿಯರ್ ಒಬ್ಬರ ಮಗಳು. ಫಿಂಟಾಸ್ ಬಡಾವಣೆಯ ನಮ್ಮ ಕಟ್ಟಡದಲ್ಲೇ ಇದ್ದಾಳೆ. ಆ ತರಗತಿಯಲ್ಲಿ ಭಾರತದವಳು ಅವಳೊಬ್ಬಳೇ.

"ಇಟ್ಸ್ ಓಕೆ ಮಿಸ್, ಜಸ್ಟ್ ಗೇಮ್" ಎಂದು ನಕ್ಕಳು. ಕಿವಿ ಮಾತ್ರ ಕೆಂಪಾಗಿತ್ತು.

ಊರಲ್ಲೇನು ಭಾರೀ ಚೆನ್ನಾಗಿತ್ತೇ ಎಂದು ಕೇಳಬೇಡಿ. ಸಮಾನತೆಯ ಮೇಲೆ ಹತ್ತು ಅಂಕದ ಉತ್ತರವನ್ನು ಚಾಚೂ ತಪ್ಪದೆ ಬರೆಯುತ್ತಿದ್ದ ಹುಡುಗರು ಹಾಸ್ಟೆಲಿನ ಊಟಕ್ಕೆ ಜಾತಿ ನೋಡಿ ಕೂರುತ್ತಿದ್ದರು. ನಮ್ಮಲ್ಲಿ ಚೀಟಿ ಹುಟ್ಟುವಾಗಲೇ ಕೈಗೆ ಬಂದಿರುತ್ತದೆ. ಆದರೆ ಅಲ್ಲಿ ಅವರನ್ನು ನಿಲ್ಲಿಸಿ ಬೈಯುವಷ್ಟು ಬಾಯಿ ನನಗಿತ್ತು.

ಮರುವಾರ, ಆ ಚೀಟಿ ಮೊದಲು ಎತ್ತಿದ ಹುಡುಗನ ತಂದೆಯಿಂದ ದೂರು ಬಂತು, ಮಗನನ್ನು ಕೆಲಸದವಳನ್ನಾಗಿ ಮಾಡಿದರೆಂದು. ವಿಭಾಗದ ಮುಖ್ಯಸ್ಥರು ಕರೆಸಿ ಚಹಾ ಕೊಟ್ಟರು.

"ಸಮಾನತೆ ಕಲಿಸಿ, ಬೇಡ ಎನ್ನುವುದಿಲ್ಲ. ಯಾರಿಗೂ ಬೇಜಾರಾಗದ ಹಾಗೆ ಕಲಿಸಿ. ಆ ಚೀಟಿ ತೆಗೆದು ಇನ್ನೊಮ್ಮೆ ಆಡಿಸಿ" ಎಂದರು. ನನ್ನ ನೌಕರಿ ಮುಂದುವರಿಸುವ ಕಾಗದಕ್ಕೆ ಅವರ ಸಹಿ ಇನ್ನೂ ಬಿದ್ದಿರಲಿಲ್ಲ.

ಗಂಡನ ಕೆಲಸ ಹೋಗಿ ಆರು ತಿಂಗಳಾಗಿತ್ತು. ಅವರ ಮತ್ತು ಮಗನ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ನನ್ನ ನೌಕರಿಗೇ ಅಂಟಿಕೊಂಡಿತ್ತು.

"ಖಲಾಸ್ ಮಾಡಿಬಿಡು" ಎಂದರು ಅವರು. "ಒಂದು ಚೀಟಿ ಸಲುವಾಗಿ ಮೂರೂ ಮಂದಿ ಗಂಟುಮೂಟಿ ಕಟ್ಟೋದೇನು?"

ತೆಗೆದೆ. ಅದರ ಬದಲು ಕಾಫಿ ಅಂಗಡಿಯ ಒಡತಿ ಎಂದು ಬರೆದೆ. ಈ ಸಲ ಯಾರೂ ಅದಲುಬದಲು ಮಾಡಿಕೊಳ್ಳಲಿಲ್ಲ. ಪಾಠ ಎಲ್ಲರಿಗೂ ಬಹಳ ಹಿಡಿಸಿತು. ದೂರು ಕೊಟ್ಟವರ ಮಗನೂ ಚಪ್ಪಾಳೆ ತಟ್ಟಿದ. ಅದೇ ವಾರ ನನ್ನ ಕಾಗದಕ್ಕೆ ಸಹಿ ಬಿತ್ತು. ಮನೆಯಲ್ಲಿ ಶಾವಿಗೆ ಪಾಯಸ ಮಾಡಿದೆ.

ಮರುದಿನ ಲಿಫ್ಟಿನಲ್ಲಿ ಅನನ್ಯಾ ಸಿಕ್ಕಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ಅಂದು ತಡವರಿಸುತ್ತಾ ಕನ್ನಡದಲ್ಲೇ ಕೇಳಿದಳು.

"ಆಂಟಿ, ಆ ಚೀಟಿ ನನ್ನ ಸಲುವಾಗಿ ತೆಗೆದ್ರಿ ಅಲ್ಲ? ಥ್ಯಾಂಕ್ಸ್ ರೀ."

"ಹೂಂ" ಎಂದೆ. ಈ ಊರಿಗೆ ಹೇಸುವ ಹಕ್ಕು ಅಲ್ಲಿಗೆ ಮುಗಿಯಿತು. ಧಾರವಾಡಕ್ಕೆ ಹೋಗಿ ಹೇಳಿಕೊಳ್ಳಲು ಮುಖವೂ ಉಳಿಯಲಿಲ್ಲ.