ಎಲ್ಲರದೂ ಒಂದೇ ಅಳತೆ

ಎಲ್ಲ ಅಳತೆಯಲ್ಲೂ ತಪ್ಪು ಇದ್ದೇ ಇರುತ್ತದೆಂದು ವಿಜ್ಞಾನ ಒಪ್ಪಿಕೊಂಡಿದೆ. ಬೈಲಹೊಂಗಲದ ಬಟ್ಟೆ ಅಂಗಡಿಯವರು ಮಾತ್ರ ಇನ್ನೂ ಒಪ್ಪಿಲ್ಲ.

ಕಾಲೇಜಿನಲ್ಲಿ ನಮಗೆ ಭೌತಶಾಸ್ತ್ರದ ಪ್ರಯೋಗ ಮಾಡಿಸುತ್ತಿದ್ದ ಸರ್ ಧೋತರದ ಚುಂಗಿನಿಂದ ಚಾಳೀಸಿನ ಗಾಜು ಒರೆಸುತ್ತ, "ಕೂದಲೆಳಿಯಷ್ಟಾದ್ರೂ ಬ್ಯಾರೆ ಬ್ಯಾರೆ ಬರಬೇಕ್ರಪಾ. ಎಲ್ಲಾರದೂ ಒಂದ ಬಂತಂದ್ರ ಅದು ಸುಳ್ಳ" ಎನ್ನುತ್ತಿದ್ದರು.

೧೯೭೫ರ ಸುಮಾರಿಗೆ ಅವರ ಕಣ್ಣು ಮಂಜಾಯಿತು. ವಾರ್ಷಿಕ ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರು ಒಂದು ತಂತಿಯ ದಪ್ಪವನ್ನು ಮೊದಲು ಅವರಿಂದಲೇ ಅಳೆಸಿದರು. ಸರ್ ತಪ್ಪು ಓದಿದ್ದರೆಂದು ಆಮೇಲೆ ನಾವು ಅಳೆದಾಗ ಗೊತ್ತಾಯಿತು. ಅವರ ನೌಕರಿ ಹೋದೀತೆಂದು ಹೆದರಿ ನಾವು ಹನ್ನೊಂದು ಮಂದಿಯೂ ನಮ್ಮ ಅಳತೆ ಅಳಿಸಿ, ಅವರು ಹೇಳಿದ್ದನ್ನೇ ಬರೆದೆವು. ಪರೀಕ್ಷಕರು ಸಂತೋಷದಿಂದ ಸಹಿ ಹಾಕಿ ಹೋದರು.

ಸರ್ ಹಾಳೆಗಳನ್ನು ಮೂಗಿನ ಹತ್ತಿರ ಹಿಡಿದು ಒಂದೊಂದಾಗಿ ನೋಡಿದರು. "ನನ್ನ ಕಣ್ಣ ಅಷ್ಟ ಹೋಗ್ಯಾವೇನ್ರಪಾ?"

"ಇಲ್ರೀ ಸರ್" ಎಂದು ಎಲ್ಲರೂ ಒಟ್ಟಿಗೆ ಹೇಳಿದೆವು.

ಮರುದಿನ ಅವರು ರಾಜೀನಾಮೆ ಕೊಟ್ಟರು.