ಅತ್ತೆ ಕೊಡದ ಕೀಲಿ

ಆಗೆಲ್ಲ ಕಾರು ಹೊರಡುವ ಮೊದಲು ಅದಕ್ಕೆ ನೀರು ಕುಡಿಸಬೇಕಿತ್ತು. ಸಾಗರದ ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ಬಾನೆಟ್ ಎತ್ತಿ, ರೇಡಿಯೇಟರಿನ ಮುಚ್ಚಳ ತಿರುಗಿಸಿ, ಕಂಠದವರೆಗೆ ನೀರು ಸುರಿಯುವುದು. ಹಳೆಯ ರೇಡಿಯೇಟರು ಸೋರುತ್ತಿದ್ದುದರಿಂದ ಬೆಳಿಗ್ಗೆ ಅರ್ಧ ಕ್ಯಾನು ನೀರಾದರೂ ಬೇಕಿತ್ತು. ಹನ್ನೆರಡು ವರ್ಷದ ಹುಡುಗಿಗೆ ಅದಕ್ಕಿಂತ ದೊಡ್ಡ ಅಧಿಕಾರ ಇನ್ನೇನು ಬೇಕು?

ಕಾರು ಅಜ್ಜನದು. ಅಜ್ಜ ತೀರಿಕೊಂಡ ಮೇಲೆ ದೊಡ್ಡಪ್ಪನೊಬ್ಬನೇ ಓಡಿಸುತ್ತಿದ್ದ. ಅಪ್ಪನ ತಂಗಿ ಸುಮತಿ ಅತ್ತೆ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಆ ವರ್ಷ ಯಾರಿಗೂ ಹೇಳದೆ ಡ್ರೈವಿಂಗ್ ಕಲಿತು, ಲೈಸೆನ್ಸ್ ತಂದು ದೊಡ್ಡಪ್ಪನ ಕಾಫಿ ಲೋಟದ ಪಕ್ಕದಲ್ಲಿಟ್ಟಳು. ನಮ್ಮ ಏಳನೇ ಕ್ಲಾಸಿನ ಪರೀಕ್ಷೆ ಮುಗಿದಿತ್ತು. ನನಗೂ ನನ್ನ ಗೆಳತಿಯರಾದ ನಸೀಮಾ, ಪದ್ಮಾರಿಗೂ ಸಮುದ್ರ ತೋರಿಸಿಕೊಂಡು ಬರುತ್ತೇನೆ ಎಂದಳು.

ದೊಡ್ಡಪ್ಪ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ, "ದಾರೀಲಿ ಗಾಡಿ ಕೆಟ್ಟು ನಿಂತ್ರೆ ಕೀಲಿ ವಾಪಸ್. ಮತ್ತೆ ಮುಟ್ಟೋ ಹಂಗಿಲ್ಲ. ಆಯ್ತಾ?" ಎಂದ.

"ಆಯ್ತು, ಕೊಡು," ಎಂದಳು ಅತ್ತೆ.

ಕುಂದಾಪುರದಲ್ಲಿದ್ದ ಅತ್ತೆಯ ಗೆಳತಿಗೆಂದು ಅಜ್ಜಿ ಉಪ್ಪುನೀರಿನಲ್ಲಿ ಹಾಕಿದ ಒಂದು ಭರಣಿ ಅಪ್ಪೆಮಿಡಿ ಮಾವು ಕೊಟ್ಟಿದ್ದಳು. ಘಾಟಿಯ ತಿರುವುಗಳಲ್ಲಿ ತುಳುಕಬಾರದೆಂದು ಮಿಡಿಯ ಉಪ್ಪುನೀರನ್ನು ಬೇರೆ ಕ್ಯಾನಿಗೆ ಬಗ್ಗಿಸಿ ಕಳಿಸುವುದು, ಊರು ತಲುಪಿದ ಮೇಲೆ ಮತ್ತೆ ಭರಣಿಗೆ ಸುರಿಯುವುದು ನಮ್ಮ ಮನೆಯ ಪದ್ಧತಿ. ಕಾರಿನ ನೀರಿನದೂ ಅಂಥದ್ದೇ ಬಿಳಿ ಕ್ಯಾನು. ಡಿಕ್ಕಿಯಲ್ಲಿ ಎರಡೂ ಪಕ್ಕಪಕ್ಕದಲ್ಲಿದ್ದವು.

ಹೊಸನಗರ ದಾಟುವವರೆಗೆ ಅಂತ್ಯಾಕ್ಷರಿ, ಮುಂದಿನ ನಗರ ಎಂಬ ಊರು ದಾಟುವವರೆಗೆ ಜಗಳ. ಪದ್ಮಾಳ ಅಮ್ಮ ಕಟ್ಟಿಕೊಟ್ಟ ಒಗ್ಗರಣೆ ಅವಲಕ್ಕಿಯ ವಾಸನೆಗೆ ಹಸಿವು ತಡೆಯುತ್ತಿರಲಿಲ್ಲ. ಮಾಸ್ತಿಕಟ್ಟೆ ಹತ್ತಿರದ ಏರಿನಲ್ಲಿ ಬಾನೆಟ್ಟಿನ ಅಂಚಿನಿಂದ ಬುಸ್ಸೆಂದು ಬಿಳಿ ಹಬೆ ಎದ್ದಿತು. ಅತ್ತೆ ಕಾರನ್ನು ಬದಿಗೆ ತೆಗೆದಳು.

ನಸೀಮಾ ಮೂಗರಳಿಸಿದಳು. "ಯಾರೋ ಅಪ್ಪೆಹುಳಿ ಕಾಯಿಸ್ತಾ ಇದಾರೆ ಕಣೇ!"

ಸುತ್ತ ಬರೀ ಕಾಡು. ಒಂದು ಮನೆಯೂ ಇರಲಿಲ್ಲ. ಬೆಳಿಗ್ಗೆ ನಾನು ಸುರಿದದ್ದು ಯಾವ ಕ್ಯಾನೆಂದು ಆಗ ಹೊಳೆಯಿತು. ನನ್ನಿಂದಾಗಿ ಅತ್ತೆಯ ಕೀಲಿ ಹೋಯಿತು ಎಂದು ಅಳತೊಡಗಿದೆ.

ಅತ್ತೆ ಎರಡೂ ಕ್ಯಾನು ಮೂಸಿದಳು. ನನ್ನನ್ನು ನೋಡಿದಳು. "ಅಳೋದು ಆಮೇಲೆ ಮಾರಾಯ್ತಿ. ಇಂಜಿನ್ ತಣ್ಣಗಾಗ್ಲಿ. ಮೊದ್ಲು ಅವಲಕ್ಕಿ ತೆಗಿ."

ತಿನ್ನುತ್ತಿದ್ದಾಗ ದೊಡ್ಡಪ್ಪನ ಪರಿಚಯದವರೊಬ್ಬರ ಜೀಪು ಬಂದು ನಿಂತಿತು. "ಎಂತ ಟೀಚರೇ, ಗಾಡಿ ಕೈಕೊಡ್ತಾ? ಮುಂದಿನ ಊರಿಂದ ನಿಮ್ಮಣ್ಣಂಗೆ ಫೋನ್ ಮಾಡ್ಲಾ?"

ಅತ್ತೆ ಭರಣಿಯಿಂದ ಒಂದು ಮಿಡಿ ತೆಗೆದು ಕಟಕ್ಕನೆ ಕಚ್ಚಿದಳು. "ಎಂತಕ್ಕೆ? ತಿಂಡಿ ತಿಂತಾ ಇದೀವಿ. ನೀವೂ ಬನ್ನಿ, ಅವಲಕ್ಕಿ ಇದೆ."

ಅವರು ಹಬೆಯಾಡುವ ಬಾನೆಟ್ ನೋಡಿದರು, ಮಿಡಿ ಜಗಿಯುವ ಅತ್ತೆಯನ್ನು ನೋಡಿದರು, ಜೀಪು ಹತ್ತಿ ಹೊರಟರು.

ಆಮೇಲೆ ಅತ್ತೆ ಸೆರಗು ಸಿಕ್ಕಿಸಿ ಕಾರಿನಡಿ ತೂರಿ ರೇಡಿಯೇಟರಿನ ಕೆಳಗಿನ ತಿರುಪು ಬಿಚ್ಚಿದಳು. ಉಪ್ಪುನೀರಿನ ಜೊತೆ ಮಿಡಿಯ ತೊಟ್ಟುಗಳು ಉದುರಿದವು. ಒಂದು ಕ್ಯಾನು ನೀರು ತೊಳೆಯುವುದಕ್ಕೇ ಮುಗಿಯಿತು. ನಾವು ಮೂವರೂ ಕೆಳಗಿನ ಹಳ್ಳದಿಂದ ಕ್ಯಾನಿನಲ್ಲಿ, ಟಿಫಿನ್ ಡಬ್ಬಿಗಳಲ್ಲಿ ನೀರು ಹೊತ್ತೆವು. ಕಾಲಿಗೆ ಮುಳ್ಳು, ಲಂಗಕ್ಕೆ ಕೆಸರು. ಮೂರನೇ ಸಲ ಕೀಲಿ ತಿರುಗಿಸಿದಾಗ ಇಂಜಿನ್ ಗುರ್ರೆಂದಿತು. ಹುಲಿಕಲ್ ಘಾಟಿ ಇಳಿದು, ಹೊತ್ತು ಮುಳುಗುವ ಮೊದಲು ಸಮುದ್ರಕ್ಕೆ ಕಾಲಿಟ್ಟೆವು. ಅಷ್ಟು ಖುಷಿ ನನಗೆ ಆಮೇಲೆ ಯಾವ ಪ್ರವಾಸದಲ್ಲೂ ಆಗಿಲ್ಲ.

ಮನೆಗೆ ಬಂದ ಮಾರನೆ ಬೆಳಿಗ್ಗೆ ದೊಡ್ಡಪ್ಪ ರೇಡಿಯೇಟರಿನ ಮುಚ್ಚಳ ತೆಗೆದವನೇ ಮೂಗು ಹಿಂದಕ್ಕೆಳೆದ. "ಇದಕ್ಕೆ ಮಿಡಿ ನೀರು ಹಾಕಿದ್ಯಾರು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ನಾನು," ಎಂದಳು.

"ದಾರೀಲಿ ನಿಂತಿತ್ತಾ?"

"ನಿಂತಿತ್ತು."

ದೊಡ್ಡಪ್ಪ ಕೈ ಚಾಚಿದ. "ಹಂಗಾದ್ರೆ ಕೀಲಿ ಕೊಡು."

"ಕೊಡೋದಿಲ್ಲ. ಕೆಟ್ಟಿತ್ತು, ನಾವೇ ಸರಿ ಮಾಡ್ಕೊಂಡು ಸಮುದ್ರ ನೋಡಿ ಬಂದ್ವಿ. ಹೋದ ವರ್ಷ ನೀನು ಇದನ್ನ ಗದ್ದೆಗೆ ಇಳಿಸಿದ್ಯಲ್ಲ ಅಣ್ಣ, ಆಗ ನಿನ್ ಹತ್ರ ಯಾರಾದ್ರೂ ಕೀಲಿ ಕೇಳಿದ್ರಾ?"

ಅಜ್ಜಿ ಬಾಗಿಲ ಹಿಂದೆ ಕಿಸಕ್ಕನೆ ನಕ್ಕಳು. ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ದೊಡ್ಡಪ್ಪ ತಲೆ ಕೆರೆದುಕೊಂಡ. ಅತ್ತೆ ಮಾತಿಗೆ ತಪ್ಪಿದಳೆಂದು ಇಂದಿಗೂ ಹೇಳುತ್ತಾನೆ. ತಪ್ಪಿದಳು, ಏನೀಗ?

ಮೊನ್ನೆ ಅದೇ ಏರಿನಲ್ಲಿ ನನ್ನ ಕಾರಿನಲ್ಲಿ ಕೆಂಪು ದೀಪ ಹೊತ್ತಿತು. ಬಾನೆಟ್ ಎತ್ತಿದರೆ ಎಲ್ಲದರ ಮೇಲೂ ಪ್ಲಾಸ್ಟಿಕ್ ಮುಚ್ಚಳ. ಫೋನಿನಲ್ಲಿ ಸಿಕ್ಕ ಸರ್ವೀಸ್ ಸೆಂಟರಿನವನು, "ಮೇಡಂ, ನೀವೇನೂ ಮುಟ್ಬೇಡಿ," ಎಂದ. ಎರಡು ಗಂಟೆ ಕೈಕಟ್ಟಿ ಕೂತೆ. ಅತ್ತೆಯಿದ್ದಿದ್ದರೆ ಬೈಯುತ್ತಿದ್ದಳು. ಅವಳು ಹೋಗಿ ಆರು ವರ್ಷವಾಯಿತು. ನನ್ನ ತಪ್ಪಿಗೆ ಮುಂದೆ ಬಂದು "ನಾನು" ಎನ್ನುವವರು ಈಗ ಯಾರೂ ಇಲ್ಲ.

ಅಜ್ಜನ ಕಾರು ಅತ್ತೆ ಇರುವಾಗಲೇ ಗುಜರಿಗೆ ಹೋಯಿತು. ಗುಜರಿಯವನಿಗೆ ಕೀಲಿ ಬೇಕಿರಲಿಲ್ಲ, ಅತ್ತೆ ಅದನ್ನು ನನಗೆ ಕೊಟ್ಟಳು. ಈಚೆಗೆ ಮುದುಕನಾದ ದೊಡ್ಡಪ್ಪ ಮತ್ತೆ ಕೈ ಚಾಚಿ, "ಅಪ್ಪನ ನೆನಪಿಗೆ ಇಟ್ಕೊಳ್ತೀನಿ, ಆ ಕೀಲಿ ಕೊಡೇ," ಎಂದ.

"ಕೊಡೋದಿಲ್ಲ," ಎಂದೆ.